ಊರು ಬಿಟ್ಟುಕೊಟ್ಟ ಭಾಷೆ

ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ, ಯುಗಾದಿಯ ಮರುದಿನ ಬೆಳಿಗ್ಗೆ ಒಲೆ ಹಚ್ಚಿ ಚಹಾ ಕುದಿಸಿ ಗಂಡನನ್ನು ಕೂಗಿದರೆ ಬಾಯಿಂದ ಬರೀ ಗಾಳಿ ಬಂತು. ಗಂಟಲು ಕಟ್ಟಿದೆ ಎಂದುಕೊಂಡು ಕೆಮ್ಮಿದೆ. ಕೆಮ್ಮು ಚೆನ್ನಾಗಿಯೇ ಕೇಳಿಸಿತು. ಮತ್ತೆ ಕೂಗಿದೆ, ಇಲ್ಲ. ಗಂಡ ರಾಚಪ್ಪ ನಗುತ್ತಾ ಒಳಗೆ ಬಂದವನು ಕಪ್ಪು ಎತ್ತಿಕೊಂಡು, ನಾನು ಯಾವ ಜನ್ಮದಲ್ಲೂ ಕೇಳದ ಭಾಷೆಯಲ್ಲಿ ಏನೋ ಅಂದ. ಮದುವೆಯ ಮಾತುಕತೆಯಲ್ಲಿ ಇವರು ಮನೆ ಎಷ್ಟು ಅಂಕಣದ್ದು, ಖಾನಾವಳಿಗೆ ಎಷ್ಟು ಗಿರಾಕಿ, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಲ್ಲ ಹೇಳಿದ್ದರು, ಇದೊಂದನ್ನು ಮಾತ್ರ ನುಂಗಿಕೊಂಡಿದ್ದರು. ಸುದ್ದಿ ತಿಳಿದು ನನ್ನ ಅಪ್ಪ ಜಗಳ ತೆಗೆಯಲೆಂದೇ ಬಸ್ಸು ಹತ್ತಿ ಬಂದ. ಬೇಸಿಗೆಯಾದ್ದರಿಂದ ಅದೂ ಸಾಧ್ಯವಾಗದೆ, ಉಂಡು ಎಲೆಅಡಿಕೆ ಹಾಕಿಕೊಂಡು ವಾಪಸು ಹೋದ.

ಈ ಊರಿನ ಬೇಸಿಗೆಯೇ ಹಾಗೆ. ಯುಗಾದಿಯ ಮರುದಿನದಿಂದ ಮೊದಲ ಮಳೆ ಬೀಳುವವರೆಗೆ, ಈಗ ಬದುಕಿರುವ ಯಾರಾದರೂ, ಲೋಕದಲ್ಲಿ ಎಲ್ಲೇ ಆಗಲಿ, ಮಗುವಾಗಿದ್ದಾಗ ಮೊದಲ ಮಾತನ್ನು ಆಡಿದ ಭಾಷೆಗೆ ಇಲ್ಲಿ ದನಿಯಿಲ್ಲ. ಕನ್ನಡಕ್ಕಿಲ್ಲ, ಉರ್ದುವಿಗಿಲ್ಲ, ಮರಾಠಿಗಿಲ್ಲ, ಬ್ಯಾಂಕಿನ ಮ್ಯಾನೇಜರರ ಇಂಗ್ಲಿಷಿಗೂ ಇಲ್ಲ. ನಗು, ಅಳು, ಸೀನು, ಗೊರಕೆಗೆ ಅಡ್ಡಿಯಿಲ್ಲ. ಹಿಂದೆ ಒಂದು ಕಾಲದಲ್ಲಿ ಊರವರು ಬೇಸಿಗೆಯನ್ನು ಸಂಸ್ಕೃತದಲ್ಲಿ ಕಳೆಯುತ್ತಿದ್ದರಂತೆ. ಆಮೇಲೆ ಆಚಾರ್ಯರ ಮನೆಯವರು ಹೆಚ್ಚುಗಾರಿಕೆಗೆ ಬಿದ್ದು ಮೊಮ್ಮಗನಿಗೆ ತೊಟ್ಟಿಲಿನಿಂದಲೇ ಸಂಸ್ಕೃತ ಉಣಿಸಿದರು. ಹುಡುಗ ಚುರುಕಾಗಿದ್ದ, ಹಲ್ಲು ಬರುವ ಮೊದಲೇ ಅಜ್ಜನನ್ನು ಸಂಸ್ಕೃತದಲ್ಲಿ ಕರೆದುಬಿಟ್ಟ. ಅಲ್ಲಿಗೆ ಮುಗಿಯಿತು. ಆ ವರ್ಷದ ಮದುವೆಗಳಲ್ಲಿ ಆಚಾರ್ಯರು ತುಟಿ ಆಡಿಸಿದ್ದೇ ಮಂತ್ರವಾಯಿತು ಎಂದು ಹಳಬರು ಈಗಲೂ ನಗುತ್ತಾರೆ.

ಆಗ ಊರಿನ ಕೈ ಹಿಡಿದವರು ಸಲೋಮಿ ಅಕ್ಕೋರು. ಕನ್ನಡ ಶಾಲೆಗೆ ಹೊಸದಾಗಿ ಬಂದಿದ್ದ ಪಂತೋಜಿ ಹೆಣ್ಣುಮಗಳು. ಅವರ ತಂದೆ ಎಲ್ಲೋ ಪಾದ್ರಿಗಳ ವಿದ್ಯಾಮಂದಿರವೊಂದರಲ್ಲಿ ಪುಸ್ತಕ ನೋಡಿಕೊಳ್ಳುವ ಕೆಲಸದಲ್ಲಿದ್ದು, ಮಗಳಿಗೆ ಗೊಂಬೆಯ ಬದಲು ಲ್ಯಾಟಿನ್ ಕೊಟ್ಟಿದ್ದರು. ಎಂದೋ ರೋಮಿನವರು ಆಡಿ ಬಿಟ್ಟ ಭಾಷೆ, ಈಗ ಯಾವ ಮನೆಯ ತೊಟ್ಟಿಲಲ್ಲೂ ಇಲ್ಲದ್ದು. ಅಕ್ಕೋರು ಅದನ್ನು ಬೇಸಿಗೆಯ ಒಂದು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಹೇಳಿದರಂತೆ. ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಬಿಟ್ಟು ಓಡಿದರಂತೆ. ಮರುದಿನದಿಂದ ಹತ್ತಿ ಜಿನ್ನಿನ ಹಳೇ ಗೋದಾಮಿನಲ್ಲಿ ಪಾಠ ಶುರುವಾಯಿತು.

ನಾನು ಆ ಗೋದಾಮಿಗೆ ಹೋಗಿ ಕೂತಾಗ ಪಾಠ ಹಳೆಯದಾಗಿತ್ತು, ಅಕ್ಕೋರ ಕೂದಲು ನರೆತಿತ್ತು. ಊಟದ ಗಿರಾಕಿಗಳು ಎದ್ದ ಮೇಲೆ, ಬಿಸಿಲು ಹೊರಗೆ ಯಾರನ್ನೂ ನಿಲ್ಲಗೊಡದ ಹೊತ್ತಿನಲ್ಲಿ, ಮನೆಗೊಬ್ಬರು ಗೋಣಿಚೀಲ, ಬೀಸಣಿಗೆ ಹಿಡಿದು ಬರುತ್ತಿದ್ದರು. ಲ್ಯಾಟಿನ್ ನಮಗೆ ಅಂಥ ಕಷ್ಟದ್ದೇನೂ ಅಲ್ಲ. ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬಂದು ಕೂರುತ್ತದೆ, ವಿಭಕ್ತಿ ನಮ್ಮ ಹಾಗೆ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕಷ್ಟವಿದ್ದದ್ದು ಸಂತೆಯಲ್ಲಿ. ರೋಮಿನವರಿಗೆ ಈರುಳ್ಳಿ, ಬೆಳ್ಳುಳ್ಳಿ ಗೊತ್ತು. ಮೆಣಸಿನಕಾಯಿ ಗೊತ್ತಿಲ್ಲ, ಟೊಮೆಟೊ ಗೊತ್ತಿಲ್ಲ, ಬಟಾಟೆ ಗೊತ್ತಿಲ್ಲ. ಇಂಥ ಜನ ದೇಶಗಳನ್ನು ಹೇಗೆ ಗೆದ್ದರೋ ಎಂದು ನನಗೆ ಇಂದಿಗೂ ಆಶ್ಚರ್ಯ. ಕಾಯಿಪಲ್ಲೆ ಮಾರುವ ಬೀಬಿಜಾನ್ ಮೆಣಸಿನಕಾಯಿಗೆ ತಾನೇ ಒಂದು ಹೆಸರು ಕಟ್ಟಿದ್ದಳು. ಅವಳ ಲ್ಯಾಟಿನ್ನನ್ನು ಕನ್ನಡಕ್ಕೆ ಇಳಿಸಿದರೆ ಹೀಗಿರುತ್ತದೆ: "ಓ ಗೃಹಿಣಿಯರೇ, ಉರಿಯುವ ಕೆಂಪು ಬೆರಳುಗಳು ಇಲ್ಲಿ ದೊರೆಯುವವು! ಓ ನಿಂಗಪ್ಪನೇ, ಕೈಯನ್ನು ತೆಗೆ, ಸೌತೆಯನ್ನು ಹಿಸುಕದಿರು!" ಇದೇ ಬೀಬಿಜಾನ್ ಮಳೆಗಾಲದಲ್ಲಿ ಬಾಯಿ ತೆರೆದರೆ ಗಂಡಸರು ಕಿವಿ ಮುಚ್ಚಿಕೊಳ್ಳಬೇಕು. ಬೇಸಿಗೆಯಲ್ಲಿ ಊರಿಗೆ ಊರೇ ಅರಮನೆಯ ಹಾಗೆ ಮಾತಾಡುತ್ತಿತ್ತು.

ಭಾಷೆಯ ಜೊತೆಗೆ ಅಕ್ಕೋರು ಆ ಜನರ ಮನೆಮಠ, ಊಟ, ಹಬ್ಬ, ಸಾವು ಎಲ್ಲವನ್ನೂ ಹೇಳುತ್ತಿದ್ದರು. ಶ್ರೀಮಂತ ರೋಮಿನವರು ಮಂಚದ ಮೇಲೆ ಎಡ ಮೊಣಕೈಯೂರಿ ಒರಗಿಕೊಂಡು ಉಣ್ಣುತ್ತಿದ್ದರು ಎಂದು ಕೇಳಿದ್ದೇ, ಬಟ್ಟೆಯಂಗಡಿಯ ಗಂಗಣ್ಣ ಶೆಟ್ಟರು ನಮ್ಮ ಖಾನಾವಳಿಗೆ ಬಂದು ಬೆಂಚಿನ ಮೇಲೆ ಒರಗಿಬಿಟ್ಟರು. ಎರಡನೆಯ ತುತ್ತಿಗೆ ಜುಣಕದ ವಡೆ ನೆತ್ತಿಗೇರಿ, ರಾಚಪ್ಪ ಬೆನ್ನು ಗುದ್ದಿ ಗುದ್ದಿ ಅವರನ್ನು ಈ ಲೋಕಕ್ಕೆ ವಾಪಸು ತಂದ. ಶೆಟ್ಟರು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಲ್ಯಾಟಿನ್ ಕಲಿತವರು. ಅದರ ಬಗ್ಗೆ ಅವರಿಗೆ ಜಂಬವಿತ್ತು, ಇರಲಿ, ಇರಬೇಕಾದದ್ದೇ. ಅಕ್ಕೋರು ಗ್ರೀಕರ ಕಥೆಗಳನ್ನೂ ಹೇಳುತ್ತಿದ್ದರು, ಅವರ ಭಾಷೆಯನ್ನೂ ಕಲಿಸಲೇ ಎಂದು ವರ್ಷವರ್ಷವೂ ಕೇಳುತ್ತಿದ್ದರು. ಸತ್ತ ಭಾಷೆ ಮನೆಗೆ ಒಂದು ಸಾಕು ಎಂದು ಊರವರು ತಪ್ಪಿಸಿಕೊಳ್ಳುತ್ತಿದ್ದರು.

ಸಂಸ್ಕೃತಕ್ಕೆ ಬಂದ ಗತಿ ಲ್ಯಾಟಿನ್ನಿಗೂ ಬರಬಾರದೆಂದು ಊರಲ್ಲಿ ಒಂದು ಪದ್ಧತಿಯಿತ್ತು. ಇನ್ನೂ ಮಾತು ಬಾರದ ಕೂಸಿರುವ ಮನೆಯವರು ಬೇಸಿಗೆಯಲ್ಲಿ ಬಾಗಿಲಿಗೆ ಕೂಸಿನ ಕುಂಚಿಗೆ ಕಟ್ಟಬೇಕು. ತಲೆಗೆ ಕಟ್ಟುವ ಆ ಪುಟ್ಟ ಕುಂಚಿಗೆ ಕಂಡರೆ ಅಲ್ಲಿ ಯಾರೂ ಲ್ಯಾಟಿನ್ ಆಡುವಂತಿಲ್ಲ, ಎಲ್ಲ ಕೈಸನ್ನೆಯೇ. ಸನ್ನೆ ಬೇಸರವಾದವರು ಕೂಸನ್ನು ಎತ್ತಿಕೊಂಡು ತವರಿಗೆ ಹೋಗಬಹುದು. ಸಾಮಾನ್ಯವಾಗಿ ಒಂದೋ ಎರಡೋ ಬೇಸಿಗೆಯ ಮಾತು. ಅಷ್ಟರಲ್ಲಿ ಮಕ್ಕಳು ಮಳೆಗಾಲದಲ್ಲಿ ಅವ್ವಾ ಅಂದು, ಚಳಿಗಾಲದಲ್ಲಿ ಬೈಗುಳವನ್ನೂ ಕಲಿತಿರುತ್ತವೆ.

ನನ್ನ ಮಗಳು ಸಾವಂತ್ರಿ ಅವ್ವಾ ಅನ್ನಲಿಲ್ಲ. ಕೂತಳು, ಎದ್ದಳು, ನಡೆದಳು, ಓಡಿದಳು, ಖಾನಾವಳಿಯ ಗಿರಾಕಿಗಳ ಚಪ್ಪಲಿ ಅದಲುಬದಲು ಮಾಡಿಟ್ಟು ಕೇಕೆ ಹಾಕಿ ನಕ್ಕಳು. ಮಾತು ಮಾತ್ರ ಇಲ್ಲ. ದೊಡ್ಡ ಊರಿನ ಡಾಕ್ಟರು ಕಿವಿ ನೋಡಿದರು, ನಾಲಿಗೆ ನೋಡಿದರು, ಎಲ್ಲ ಸರಿಯಿದೆ, ಕಾಯಿರಿ ಎಂದರು. ಕಾಯ್ದೆವು. ಬೇಸಿಗೆ ಬಂದಾಗಲೆಲ್ಲ ತವರಿಗೆ ಹೋದೆ. ಅಲ್ಲಿ ಮನೆ ತುಂಬ ಕನ್ನಡ, ಅಣ್ಣನ ಮಕ್ಕಳು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿದವರಿಲ್ಲ. ಆ ಗದ್ದಲದ ನಡುವೆ ನನ್ನ ಮಗಳು ತನ್ನ ಪಾಡಿಗೆ ಕವಡೆ ಜೋಡಿಸುತ್ತಾ ಕೂರುತ್ತಿದ್ದಳು. ನಾಲ್ಕನೆಯ ಬೇಸಿಗೆ ಅಣ್ಣನ ಹೆಂಡತಿ ಅವಳನ್ನು ಊಟಕ್ಕೆ ಕರೆಯುವಾಗ ಹೆಸರು ಬಿಟ್ಟು "ಮೂಕಿ" ಅಂದಳು. ಕೆಟ್ಟ ಮನಸ್ಸಿನಿಂದಲೂ ಅಲ್ಲ, ಗುರುತಿಗೆ ಅಂದ ಹಾಗೆ ಅಂದಳು. ನಾನು ಕೈತೊಳೆದು ಎದ್ದು ಆ ದಿನವೇ ಬಸ್ಸು ಹತ್ತಿದೆ.

ಬೇಸಿಗೆ ಇನ್ನೂ ಅರ್ಧ ಉಳಿದಿತ್ತು. ಬಾಗಿಲಿಗೆ ಕುಂಚಿಗೆ ಕಟ್ಟಿದೆವು. ನಾಲ್ಕು ವರ್ಷದ ಹುಡುಗಿಯನ್ನು ಎಷ್ಟೆಂದು ಒಳಗೆ ಕಟ್ಟಿಹಾಕುವುದು? ಒಂದು ಮಧ್ಯಾಹ್ನ ನಾನು ಪಾತ್ರೆ ತಿಕ್ಕುತ್ತಿದ್ದಾಗ ಹಿತ್ತಲಿನಿಂದ ಜಾರಿಹೋದವಳು ನೇರ ಗೋದಾಮಿಗೆ ಹೋಗಿ, ಪಾಠ ಹೇಳುತ್ತಿದ್ದ ಅಕ್ಕೋರ ಎದುರಿಗೆ ನೆಲದ ಮೇಲೆ ಕೂತಿದ್ದಳಂತೆ. ಹುಡುಕುತ್ತಾ ನಾನು ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲರೂ ಒಟ್ಟಾಗಿ ಪಾಠ ಒಪ್ಪಿಸುತ್ತಿದ್ದರು. ಸಾವಂತ್ರಿ ಅಕ್ಕೋರ ಬಾಯನ್ನೇ ನೋಡುತ್ತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ದನಿಯಿಲ್ಲ, ಆದರೆ ಅಕ್ಕೋರ ತುಟಿ ಹೋದಲ್ಲಿಗೆ ಅವಳ ತುಟಿ ಹೋಗುತ್ತಿತ್ತು, ನಿಂತಲ್ಲಿ ನಿಲ್ಲುತ್ತಿತ್ತು. ನಾಲ್ಕು ವರ್ಷ ಆ ತುಟಿಗಳು ಯಾರ ಮಾತಿಗೂ ಹಾಗೆ ಅಲುಗಿರಲಿಲ್ಲ. ನಾನು ಹೊಸ್ತಿಲ ಮೇಲೇ ಕೂತೆ.

ಅಕ್ಕೋರೂ ಕಂಡಿದ್ದರು. ಬೆರಳು ಎತ್ತಿ ಪಾಠ ನಿಲ್ಲಿಸಿದರು. ಎಲ್ಲರನ್ನೂ ಸನ್ನೆಯಲ್ಲೇ ಕಳಿಸಿ, ಮಗುವನ್ನು ನನ್ನ ಮಡಿಲಿಗೆ ಹಾಕಿ, ನನ್ನ ತಲೆ ಸವರಿದರು. ಮಳೆ ಬಿದ್ದ ಮೇಲೆ ನಮ್ಮ ಮನೆಗೆ ಬಂದು ಕನ್ನಡದಲ್ಲಿ ಕಥೆ ಹೇಳಿದರು, ಹಾಡಿದರು, ತುತ್ತಿಗೊಂದು ಶಬ್ದ ಹೇಳಿ ಉಣಿಸಿದರು. ಸಾವಂತ್ರಿ ತುತ್ತು ನುಂಗಿ ಗೋಡೆ ನೋಡಿದಳು. ಚಳಿಗಾಲವೂ ಅರ್ಧ ಹೋಯಿತು.

"ಅಕ್ಕೋರ, ಲ್ಯಾಟಿನ್ನಿನಾಗ ಒಮ್ಮಿ ಕಲಿಸಿ ನೋಡ್ರಲಾ," ಎಂದೆ. ಕೇಳಬಾರದ್ದು ಎಂದು ಗೊತ್ತಿದ್ದೇ ಕೇಳಿದೆ.

"ತುಂಗವ್ವ, ನಾನೂ ದಿನಾ ಅದನ್ನ ವಿಚಾರ ಮಾಡತೀನಿ," ಎಂದರು ಅವರು. "ಕಲಿಸಿದ್ರ ಕಲತಾಳು ಅಂತ ನನ್ನ ಮನಸ್ಸು ಹೇಳತದ. ಆದ್ರ ಅಕಿ ಬಾಯಾಗ ಮೊದಲ ಮಾತು ಅದ ಬಂತಂದ್ರ ಊರಿಗೆ ಬ್ಯಾಸಗಿಯೊಳಗ ಬಾಯಿ ಇಲ್ಲ. ಇದು ನಾ ಒಬ್ಬಾಕಿ ಹೇಳೂ ಮಾತಲ್ಲ. ಊರು ಹೇಳಬೇಕು."

ಊರು ಗೋದಾಮಿನಲ್ಲಿ ಸೇರಿತು. ಮಗುವನ್ನು ರಾಚಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹಿಂದೆ ನಿಂತಿದ್ದ. ಅಕ್ಕೋರು ವಿಷಯ ಹೇಳಿದರು. ನಾನು ಎದ್ದು ನಿಂತು, "ನನ್ನ ಮಗಳು ಒಂದು ಮಾತು ಆಡ್ಲಿ ಅಂತ ಕೇಳಾಕ ಬಂದೀನ್ರಿ. ನೀವು ಒಲ್ಲೆ ಅಂದ್ರ ನನಗ ಸಿಟ್ಟಿಲ್ಲ," ಎಂದಷ್ಟೇ ಹೇಳಿ ಕೂತುಬಿಟ್ಟೆ.

ಮೊದಲು ಗಂಗಣ್ಣ ಶೆಟ್ಟರು ಎದ್ದರು. ಅವರು ಜೋರಾಗಿ ಕೂಗಾಡುತ್ತಾರೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

"ತಂಗಿ, ನಿನ್ನ ಕೂಸಿನ ಮ್ಯಾಲ ನನಗ ಹೊಟ್ಟಿಕಿಚ್ಚಿಲ್ಲ," ಎಂದರು. "ಆದ್ರ ನನ್ನ ಹೆಂಡತಿ ಬ್ಯಾಸಗಿಯೊಳಗ ಹೋದಳು, ನಿನಗೂ ಗೊತ್ತೈತಿ. ಕಡೀ ಹದಿನೈದು ದಿನ ನಾವಿಬ್ರೂ ಕುಂತು ಮಾತಾಡಿದ್ದು ಈ ಭಾಷಾದಾಗ. ಕನ್ನಡದಾಗ ಇಡೀ ಜನ್ಮ ಜಗಳಾಡಿದ್ವಿ. ಪ್ರೀತಿ ಮಾತು ಅಂತ ಆಡಿದ್ದು ಅಷ್ಟ. ಬ್ಯಾಸಗಿ ಬಂತಂದ್ರ ನಾ ಈಗೂ ಅಂಗಡ್ಯಾಗ ಒಬ್ಬನ ಕುಂತು ಅಕಿ ಕೂಡ ಗಟ್ಟ್ಯಾಗಿ ಮಾತಾಡತೀನಿ. ಅದೂ ಹೋತಂದ್ರ ಹೆಂಗ, ಹೇಳ್ರಿ?"

ಅವರ ದುಃಖ ನನ್ನ ದುಃಖಕ್ಕಿಂತ ಸಣ್ಣದು ಎಂದು ಹೇಳಲು ನಾನು ಯಾರು?

ಬೀಬಿಜಾನ್ ಕೂತಲ್ಲಿಂದಲೇ, "ನಾ ಕೈಸನ್ನಿಲೆ ಮಾರತೀನ್ರಿ. ತಕ್ಕಡಿಗೇನು ಬಾಯಿ ಬೇಕೇನು? ಶೆಟ್ಟರ, ನಿಮ್ಮ ಸಂಕಟಾ ನನಗೂ ತಿಳೀತದ. ಆದ್ರ ಈ ಕೂಸು ಇನ್ನ ಯಾರ ಕೂಡಾನೂ ಮಾತಾಡೇ ಇಲ್ಲಲ್ರೀ," ಎಂದಳು. ಕೆಲವರು ಹೌದು ಹೌದು ಎಂದರು, ಕೆಲವರು ತಲೆ ಅಲ್ಲಾಡಿಸಿದರು. ಬೇಸಿಗೆಯಲ್ಲಿ ಹಾವು ಕಂಡರೆ ಹೇಗೆ ಕೂಗುವುದು, ಬೆಂಕಿ ಬಿದ್ದರೆ ಹೇಗೆ ಕರೆಯುವುದು ಎಂದು ಒಬ್ಬರು ಕೇಳಿದರು. ಅದೂ ಸುಳ್ಳು ಮಾತಲ್ಲ.

ಆಗ ಅಕ್ಕೋರು ಮಾತಾಡಿದರು. "ಈ ಭಾಷಾ ಸತ್ತು ಎಷ್ಟೋ ಕಾಲ ಆತು. ಅದರಾಗ ಒಂದು ಕೂಸು ತೊದಲಿದ್ದು ಯಾರ ನೆನಪಿನಾಗೂ ಇಲ್ಲ. ನಮಗ ಬ್ಯಾಸಗಿ ಕಳ್ಯಾಕ ಬೇಕಾಗಿತ್ತು, ತಗೊಂಡ್ವಿ. ಈ ಹುಡುಗಿಗೆ ಬಾಳೇ ಕಳ್ಯಾಕ ಬೇಕಾಗೇತಿ. ಕೊಟ್ಟರ ನನಗೂ ಸಂಕಟ ಆಗತದ. ನನ್ನ ಕಡೆ ಇದ್ದದ್ದ ಇದೊಂದು. ಆದ್ರ ಗ್ರೀಕ್ ಐತಿ, ಹಳೇದು, ಅದನ್ನೂ ಈಗ ಯಾವ ಕೂಸೂ ಆಡೂದಿಲ್ಲ. ನನಗ ಅರ್ಧ ಬರತದ. ಉಳಿದ ಅರ್ಧ ನಿಮ್ಮ ಕೂಡ ಕುಂತು ಕಲೀತೀನಿ."

ಶೆಟ್ಟರು ಚಪ್ಪಲಿ ಮೆಟ್ಟಿಕೊಂಡು ಹೋದರು. ಸಭೆ ಏನೂ ತೀರ್ಮಾನವಿಲ್ಲದೆ ಚೆದುರಿತು. ನಾನು ಆ ದಿನ ಮನೆಗೆ ಹೋಗಿ ಟ್ರಂಕು ಇಳಿಸಿ ಬಟ್ಟೆ ಜೋಡಿಸಲು ಶುರುಮಾಡಿದೆ. ಶೆಟ್ಟರಂಥವರು ಬೇಡವೆಂದರೆ ಊರು ಬಿಡುವುದೇ ಮರ್ಯಾದೆ, ಬೇರೆ ಎಲ್ಲಾದರೂ ಇದ್ದು ಮಗಳಿಗೆ ನನಗೆ ಬಂದಷ್ಟು ಲ್ಯಾಟಿನ್ ಕಲಿಸೋಣ ಎಂದು ನಾನೂ ರಾಚಪ್ಪನೂ ಮಾತಾಡಿಕೊಂಡೆವು. ಎಲ್ಲಿ ಕಲಿತರೂ ಊರಿನ ಬೇಸಿಗೆಗೆ ಅದರ ಪೆಟ್ಟು ತಪ್ಪದು ಎಂಬುದು ಹೊಳೆದಾಗ ಬಟ್ಟೆ ಮಡಿಸುವ ಕೈ ನಿಂತಿತು. ಮರುದಿನ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಶೆಟ್ಟರು ಬಂದು ಕೂತರು. ರೊಟ್ಟಿ ಮುರಿಯುತ್ತಾ, ನನ್ನ ಮುಖ ನೋಡದೆ ಕೇಳಿದರು: "ನಿಮ್ಮ ಅಕ್ಕೋರು ಆ ಗ್ರೀಕಿನ ಪಾಠ ಎಷ್ಟಕ್ಕ ಶುರು ಮಾಡತಾರಂತ?"

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಹೊರಗೆ ಬಂದು ಅವರ ತಟ್ಟೆಗೆ ಬೆಣ್ಣೆ ಹಾಕಿದೆ, ಅವರು ಸಾಕು ಸಾಕು ಎಂದರೂ ಕೇಳದೆ ಹಾಕಿದೆ.

ಊರೆಲ್ಲ ಲ್ಯಾಟಿನ್ ಆಡುವ ಬೇಸಿಗೆಗೇ ಕಾಯ್ದೆವು. ಆ ಬೇಸಿಗೆ ನಮ್ಮ ಬಾಗಿಲಿಗೆ ಕುಂಚಿಗೆ ಕಟ್ಟಲಿಲ್ಲ. ಮಧ್ಯಾಹ್ನ ಗೋದಾಮಿನಲ್ಲಿ ಲ್ಯಾಟಿನ್, ಸಾವಂತ್ರಿ ಎಲ್ಲರಿಗಿಂತ ಮುಂದೆ. ಸಂಜೆ ಗ್ರೀಕ್, ಆಗ ಸಾವಂತ್ರಿಗೆ ಪ್ರವೇಶವಿಲ್ಲ. ಗ್ರೀಕಿನ ಅಕ್ಷರಗಳೇ ಬೇರೆ. ಅರವತ್ತು ದಾಟಿದ ಶೆಟ್ಟರು ಪಾಟಿಯ ಮೇಲೆ ಬರೆದ ಆಲ್ಫಾ ಕರುವಿನ ಮೂತಿಯ ಹಾಗಿರುತ್ತಿತ್ತು. ಬೀಬಿಜಾನ್ ಅದಕ್ಕೆ ಹುಲ್ಲು ಹಾಕುವ ಸನ್ನೆ ಮಾಡಿ ಎಲ್ಲರನ್ನೂ ನಗಿಸುತ್ತಿದ್ದಳು. ಲ್ಯಾಟಿನ್ನಿನಲ್ಲಿ ಊರಿಗೇ ಮೊದಲಿಗರಾಗಿದ್ದವರು ಗ್ರೀಕಿನಲ್ಲಿ ಕೊನೆಯವರಾದರು, ಆದರೂ ಒಂದು ದಿನವೂ ಪಾಠ ತಪ್ಪಿಸಲಿಲ್ಲ. ಬೈದುಕೊಳ್ಳುತ್ತಲೇ ಕಲಿತರು. ಅಕ್ಕೋರೂ ರಾತ್ರಿ ಓದಿ ಸಂಜೆ ಹೇಳುತ್ತಿದ್ದರು, ತಪ್ಪಿದಾಗ ಕಿವಿ ಹಿಡಿದುಕೊಳ್ಳುತ್ತಿದ್ದರು.

ರೋಮಿನವರಿಗೆ ಮಗುವಿನ ಒಂದೊಂದು ಹೆಜ್ಜೆಗೂ ಒಂದೊಂದು ದೇವರು ಎಂದು ಅಕ್ಕೋರು ಒಂದು ದಿನ ಹೇಳಿದರು. ತೊಟ್ಟಿಲು ಕಾಯಲು ಒಬ್ಬಳು, ಉಣ್ಣಲು ಕಲಿಸಲು ಒಬ್ಬಳು, ಕುಡಿಯಲು ಕಲಿಸಲು ಇನ್ನೊಬ್ಬಳು. ಮೊದಲ ಮಾತು ಆಡಿಸಲು ಫಾಬುಲಿನುಸ್ ಎಂಬೊಬ್ಬ. ಮಗು ಮಾತಾಡಿದ ದಿನ ಅವನಿಗೆ ಪೂಜೆ. ಇಷ್ಟು ದೇವರನ್ನು ಇಟ್ಟುಕೊಂಡವರು ನಮ್ಮವರಲ್ಲದೆ ಇನ್ಯಾರು ಎನ್ನಿಸಿ ನನಗೆ ಆ ಜನರ ಮೇಲೆ ಅಕ್ಕರೆ ಬಂತು. ಮಾತಾಡಿದ ಮೇಲೆ ಪೂಜೆ ಎಂದು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ದೇವರಮನೆಯ ಜಗಲಿಯ ಮೇಲೆ ನಮ್ಮ ದೇವರ ಪಕ್ಕ ಒಂದು ಎಲೆ ಹಾಕಿ, ಫಾಬುಲಿನುಸನಿಗೆಂದು ದಿನಾ ಒಂದು ತುಣುಕು ಬೆಲ್ಲ ಇಟ್ಟೆ. ಪರದೇಶದ ದೇವರು, ಬಿಸಿಲಲ್ಲಿ ಬಂದವನು, ನೀರೂ ಇಡು ಎಂದು ರಾಚಪ್ಪ ಲ್ಯಾಟಿನ್ನಿನಲ್ಲಿ ಹೇಳಿದ. ಅದನ್ನೂ ಇಟ್ಟೆ.

ಊರವರೆಲ್ಲ ಅವಳೊಡನೆ ಮಾತಾಡಿದರು. ಕ್ಷೌರದಂಗಡಿಯವನು ಕತ್ತರಿ ತೋರಿಸಿ ಹೆಸರು ಹೇಳಿದ, ಬೀಬಿಜಾನ್ ಗಜ್ಜರಿ ಕೊಟ್ಟು ಹೆಸರು ಹೇಳಿದಳು. ತಮ್ಮ ಬಾಯಿ ಕಟ್ಟಿಕೊಳ್ಳುವ ಹಗ್ಗವನ್ನು ತಾವೇ ಹೊಸೆಯುತ್ತಿದ್ದೇವೆಂದು ಗೊತ್ತಿದ್ದೂ, ಬಿಡಿಸಿ ಬಿಡಿಸಿ, ನಿಧಾನವಾಗಿ ಹೇಳಿದರು. ಸಾವಂತ್ರಿಯ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಬೇಸಿಗೆ ಕಾದು ಕೆಂಪಾಯಿತು. ನಾನು ಒಳಗೊಳಗೇ ಆಸೆ ಬಿಡತೊಡಗಿದ್ದೆ.

ಅದು ಸಂತೆಯ ದಿನ. ಸಂತೆ ಭರ್ತಿಯಾಗಿ ತುಂಬಿತ್ತು. ಉಳ್ಳಾಗಡ್ಡಿಯ ರಾಶಿಯಿಂದ ಹಿಡಿದು ಬಳೆಗಾರನವರೆಗೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಆ ಲ್ಯಾಟಿನ್ನಿನ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಖಾನಾವಳಿಗೆ ಬದನೆಕಾಯಿ ಆರಿಸುತ್ತಾ ನಾನು ಬೀಬಿಜಾನಳ ಮುಂದೆ ಬಗ್ಗಿದ್ದೆ. ಸಾವಂತ್ರಿ ನನ್ನ ಸೆರಗು ಹಿಡಿದು ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಸೆರಗು ಎಳೆದಳು. ನಾನು ಲಕ್ಷ್ಯ ಕೊಡಲಿಲ್ಲ. ಮತ್ತೆ ಎಳೆದಳು.

"ಆಕ್ವಾ."

ನೀರು. ಕೀಚಲು ದನಿ, ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದ ಹಾಗೆ ಕರಕರ ಎಂದಿತು. ಆದರೆ ಸ್ಪಷ್ಟ. ನಾನು ತಿರುಗುವುದರೊಳಗೆ ಸಂತೆಯ ಗದ್ದಲ ಕತ್ತರಿಸಿದ ಹಾಗೆ ನಿಂತಿತು. ಕೂಗುತ್ತಿದ್ದವರ ಬಾಯಿಗಳು ತೆರೆದೇ ಇದ್ದವು. ಬಳೆಗಾರ ಇನ್ನೊಮ್ಮೆ ಕೂಗಿ ನೋಡಿದ, ಗಾಳಿ. ತಕ್ಕಡಿಯ ತಟ್ಟೆ ಎಲ್ಲೋ ಕಲ್ಲಿಗೆ ತಾಗಿದ್ದು ಕೇಳಿಸಿತು. ಒಂದು ಕತ್ತೆ ಅರಚಿತು. ಆಮೇಲೆ ಎಲ್ಲರ ಕಣ್ಣುಗಳೂ ಒಂದೊಂದಾಗಿ ನನ್ನ ಮಗಳ ಮೇಲೆ ಬಂದು ನಿಂತವು.

ಬೈಯಲು ಯಾರಿಗೂ ದನಿಯಿರಲಿಲ್ಲ ಎಂದು ನೀವು ಅನ್ನಬಹುದು. ಬೈಗುಳಕ್ಕೆ ದನಿ ಬೇಕಿಲ್ಲ, ಮುಖ ಸಾಕು. ನಾನು ಆ ಮುಖಗಳನ್ನು ಹೆದರಿ ಹೆದರಿ ನೋಡಿದೆ, ಯಾವ ಮುಖವೂ ಬೈಯುತ್ತಿರಲಿಲ್ಲ. ಸಾವಂತ್ರಿ ಅಷ್ಟೂ ಜನರನ್ನು ಕಂಡು ಗಾಬರಿಯಾಗಿ ಇನ್ನೊಮ್ಮೆ ತುಟಿ ಆಡಿಸಿದಳು. ಈಗ ದನಿ ಬರಲಿಲ್ಲ. ಈಗಷ್ಟೇ ಸಿಕ್ಕಿದ್ದು ಹೋಗಿಬಿಟ್ಟಿತ್ತು. ಅವಳು ಗಂಟಲು ಮುಟ್ಟಿಕೊಂಡು ನನ್ನ ಕಡೆ ನೋಡಿದಳು. ಇನ್ನು ಇವಳು ಬಾಯಿ ತೆರೆಯುವುದಿಲ್ಲ, ಹೆದರಿ ಮುಚ್ಚಿಕೊಂಡುಬಿಡುತ್ತಾಳೆ, ಎಲ್ಲರದ್ದೂ ಕಳೆದು ಯಾರಿಗೂ ದಕ್ಕದೆ ಹೋಯಿತು ಎಂದುಕೊಂಡೆ.

ಆಗ ಗಂಗಣ್ಣ ಶೆಟ್ಟರು ಅಂಗಡಿಯ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ತಾವು ಕುಡಿಯುವ ತಾಮ್ರದ ಚೊಂಬಿತ್ತು. ಸಂತೆಯ ನಡುವೆ ನಡೆದು ಬಂದು, ಧೋತರ ಸುತ್ತಿಕೊಂಡು ಮಣ್ಣಲ್ಲಿ ಮೊಣಕಾಲೂರಿ, ಚೊಂಬನ್ನು ಅವಳ ಬಾಯಿಗೆ ಹಿಡಿದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಸಾವಂತ್ರಿ ಗಟಗಟನೆ ಕುಡಿದಳು. ಕುಡಿದಾದ ಮೇಲೆ ಶೆಟ್ಟರು ಅವಳಿಗೆ ಕಾಣುವಂತೆ ತಮ್ಮ ತುಟಿಯನ್ನು ದೊಡ್ಡದಾಗಿ ಆಡಿಸಿದರು: ಆಕ್ವಾ. ದನಿಯಿಲ್ಲ. ಅವಳು ನೋಡಿದಳು. ತಾನೂ ಆಡಿಸಿದಳು: ಆಕ್ವಾ. ತಕ್ಷಣ ಇನ್ನೊಂದು ಗುಟುಕು ಸಿಕ್ಕಿತು.

ಅಷ್ಟೇ ಸಾಕಾಯಿತು. ಬೀಬಿಜಾನ್ ತನ್ನ ಮಡಕೆಯಿಂದ ಮಗೆ ತುಂಬಿ ತಂದಳು. ಬಳೆಗಾರ ತಂದ, ಸೋಡಾ ಅಂಗಡಿಯವನು ಗ್ಲಾಸು ತಂದ, ಓಣಿಯ ಹೆಂಗಸರು ತಂಬಿಗೆ ಹಿಡಿದು ಬಂದರು. ಎಲ್ಲರೂ ಬಾಯಿ ದೊಡ್ಡದು ಮಾಡಿ, ಒಂದು ಸಪ್ಪಳವಿಲ್ಲದೆ, ಆಕ್ವಾ ಆಕ್ವಾ ಎನ್ನುತ್ತಿದ್ದರು. ಸಾವಂತ್ರಿ ಪ್ರತಿಯೊಬ್ಬರಿಗೂ ತುಟಿ ಆಡಿಸಿ ಕೇಳಿದಳು, ಪ್ರತಿಯೊಬ್ಬರಿಂದಲೂ ಕುಡಿದಳು, ಹೊಟ್ಟೆ ತುಂಬಿದ ಮೇಲೂ ಕೇಳಿದಳು, ಕೊನೆಗೆ ನೀರು ಮೂಗಿಗೆ ಏರಿ ಕಿಲಕಿಲ ನಕ್ಕಳು. ಆ ನಗು ಮಾತ್ರ ಇಡೀ ಸಂತೆಗೆ ಕೇಳಿಸಿತು. ಸುದ್ದಿ ತಿಳಿದು ಅಕ್ಕೋರು ಬಂದರು. ಅಭ್ಯಾಸಬಲದಿಂದ ಲ್ಯಾಟಿನ್ನಿನಲ್ಲಿ ಏನೋ ಹೇಳಹೋದರು, ಬಾಯಿ ಗಾಳಿಯಾಯಿತು. ಒಂದು ಕ್ಷಣ ಅವರ ಮುಖ ಬಾಡಿದ್ದನ್ನು ನಾನು ಕಂಡೆ, ಮುಚ್ಚಿಡುವುದಿಲ್ಲ. ಆಮೇಲೆ ಅವರು ನನ್ನನ್ನು ತಬ್ಬಿಕೊಂಡು, ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತರೋ ನಕ್ಕರೋ ಗೊತ್ತಾಗಲಿಲ್ಲ.

ಉಳಿದ ಬೇಸಿಗೆಯನ್ನು ಊರು ಅರ್ಧಂಬರ್ಧ ಗ್ರೀಕಿನಲ್ಲಿ ತಳ್ಳಿತು. ಅದನ್ನು ನೆನೆದರೆ ಈಗಲೂ ನಗು. ಗೊತ್ತಿದ್ದ ಶಬ್ದಗಳಿಗೆ ತಕ್ಕಂತೆ ಬದುಕಬೇಕಾಗಿತ್ತು. ಗ್ರೀಕಿನಲ್ಲಿ ಎಲ್ಲರಿಗೂ ಮೊದಲು ಬಂದದ್ದು ಕುದುರೆ, ಹಡಗು, ಸಮುದ್ರ. ನಮ್ಮ ಊರಲ್ಲಿ ಮೂರೂ ಇಲ್ಲ. ಖಾನಾವಳಿಯಲ್ಲಿ ಇನ್ನೊಂದು ರೊಟ್ಟಿ ಬೇಕಾದವರು ಹಡಗು ಎಂದು ಕೂಗುತ್ತಿದ್ದರು, ನಾನು ಹಾಕುತ್ತಿದ್ದೆ. ಎಲ್ಲೂ ಬೆಂಕಿ ಬೀಳಲಿಲ್ಲ, ಹಾವು ಬರಲಿಲ್ಲ, ದೇವರು ದೊಡ್ಡವನು, ಫಾಬುಲಿನುಸನೂ ಸೇರಿದಂತೆ. ಶೆಟ್ಟರು ಮಾತ್ರ ತಮ್ಮ ಅಂಗಡಿಯಲ್ಲಿ ಒಬ್ಬರೇ ಕೂತು ಸುಮ್ಮನೆ ತುಟಿ ಆಡಿಸುತ್ತಿದ್ದರು. ಯಾರ ಕೂಡ ಮಾತಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆ ಅಂಗಡಿಯ ಮುಂದೆ ಹಾದುಹೋಗುವಾಗೆಲ್ಲ ನನ್ನ ತಲೆ ತಾನಾಗಿ ಬಾಗುತ್ತಿತ್ತು. ಋಣ ಎಂದರೆ ಇಂಥದ್ದು. ಇಂಥದ್ದನ್ನು ತೀರಿಸುತ್ತೇನೆ ಎಂದು ಹೊರಡುವುದೇ ಸೊಕ್ಕು; ಇರಲಿ ಎಂದು ಹೊತ್ತುಕೊಂಡು ಸಂತೋಷವಾಗಿ ಬಾಳಬೇಕು. ನಾನು ಹಾಗೆಯೇ ಬಾಳುತ್ತಿದ್ದೇನೆ.

ಮೊದಲ ಮಳೆ ಒಂದು ಮಧ್ಯಾಹ್ನ ಧೋ ಎಂದು ಬಂತು. ನಮ್ಮ ಊರಲ್ಲಿ ಮೊದಲ ಮಳೆಗೆ ಯಾರೂ ಒಳಗೆ ನಿಲ್ಲುವುದಿಲ್ಲ. ಬೇಸಿಗೆಯಿಡೀ ಕೂಡಿಟ್ಟ ಕನ್ನಡವನ್ನು ಬೀದಿಗೆ ತಂದು ಸುರಿಯುತ್ತಾರೆ. ಜಗಳವಿದ್ದವರು ಜಗಳ, ಹಾಡು ಇದ್ದವರು ಹಾಡು. ಆ ವರ್ಷವೂ ಬಾಗಿಲುಗಳು ತೆರೆದವು, ಜನ ಓಡಿಬಂದರು. ಆದರೆ ಕನ್ನಡ ಕೇಳಿಸಲಿಲ್ಲ. ಬೀಬಿಜಾನ್, ಬಳೆಗಾರ, ಅಕ್ಕೋರು, ಶೆಟ್ಟರು, ಬಾವಿ ಓಣಿಯ ಹೆಂಗಸರು ಎಲ್ಲ ನಮ್ಮ ಖಾನಾವಳಿಯ ಮುಂದೆ ಬಂದು ನೆನೆಯುತ್ತಾ ನಿಂತರು. ಇಷ್ಟು ದಿನ ತುಟಿಯಲ್ಲಷ್ಟೇ ಇದ್ದ ಸಾವಂತ್ರಿಯ ಮಾತಿಗೆ ಈಗ ದನಿ ಬಂದಿರುತ್ತದೆ, ಅವಳದ್ದೇ ಭಾಷೆಯಲ್ಲಿ ಅವಳನ್ನು ಮೊದಲು ಮಾತಾಡಿಸಬೇಕು ಎಂದು ಎಲ್ಲರೂ ತಮ್ಮ ಕನ್ನಡವನ್ನು ಗಂಟಲಲ್ಲೇ ತಡೆದು ತಂದಿದ್ದರು.

"ಸಾವಂತ್ರಿಯೇ," ಎಂದು ಶೆಟ್ಟರು ಲ್ಯಾಟಿನ್ನಿನಲ್ಲಿ ಕೂಗಿದರು. ಎಷ್ಟೋ ದಿನದ ಮೇಲೆ ಆ ಭಾಷೆ ಅವರ ಬಾಯಲ್ಲಿ ಗಟ್ಟಿಯಾಗಿ ಮೊಳಗಿತು. "ನೀನು ಸೌಖ್ಯವೇ? ನಿನಗೆ ಏನು ಬೇಕು?"

ಸಾವಂತ್ರಿ ಹೊಸ್ತಿಲ ಮೇಲೆ ನಿಂತು ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಟೋಪಿಯಿಂದ, ಮೀಸೆಯಿಂದ, ಧೋತರದಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವಳು ಗರಕ್ಕನೆ ತಿರುಗಿ ಒಳಗೆ ಓಡಿದಳು. ಹೆದರಿದಳು ಎಂದುಕೊಂಡೆ. ಕೊಡದಿಂದ ಒಂದು ಲೋಟ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಹೆಜ್ಜೆಯಿಟ್ಟು ಬಂದು, ಅಷ್ಟು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದ ಆ ಮನುಷ್ಯನ ಮುಂದೆ ಚಾಚಿದಳು.

"ಆಕ್ವಾ?" ಎಂದು ಗಟ್ಟಿಯಾಗಿ ಕೇಳಿದಳು.

ಶೆಟ್ಟರು ಲೋಟ ತೆಗೆದುಕೊಂಡು, ಅದರೊಳಗೆ ಮಳೆ ಬೀಳದಂತೆ ಅಂಗೈ ಅಡ್ಡ ಹಿಡಿದು, ಒಂದು ಹನಿ ಬಿಡದೆ ಕುಡಿದರು.